ಎರಡು ದಿನದ ದಾರಿ

ಚಳಿ ಬಿದ್ದೊಡನೆ ಹೆಬ್ಬಾತುಗಳ ಹಿಂಡು ಲಾಸಾ ಪಟ್ಟಣದ ಕೆರೆಯಿಂದ ಮೈಸೂರಿನ ಕೆರೆಗೆ ಹೊರಟು ನಿಂತಿತು. ಹಾದಿಯ ಕೆರೆಗಳಲ್ಲಿ ಇಳಿದು, ಒಂದು ಕಾವಲು ನಿಂತಾಗ ಮಿಕ್ಕವು ಮಲಗುವುದು ಆ ಹಿಂಡಿನ ರೂಢಿ.

"ಸಾವಿರದೈನೂರು ಮೈಲಿ ನನ್ನ ರೆಕ್ಕೆಗೆ ಎರಡೇ ದಿನ. ನಿಮ್ಮ ಜೊತೆ ಎಂಟು ದಿನ ಯಾಕೆ ತೆವಳಲಿ, ಅಜ್ಜಿ?" ಎಂದು ಎಳೆಯ ಹೆಬ್ಬಾತು ಸಿಡುಕಿತು.

"ನಿನ್ನ ಲೆಕ್ಕ ಸರಿಯಾಗಿಯೇ ಇದೆ, ಮಗಾ. ಹೋಗು," ಎಂದಿತು ಹಿಂಡಿನ ಹಿರಿಯಜ್ಜಿ.

ಎಳೆಯದು ತಾನು ಹೇಳಿದಂತೆಯೇ ಎರಡನೆಯ ಸಂಜೆ ಮೈಸೂರಿನ ಕೆರೆಗೆ ಇಳಿಯಿತು. ಕಣ್ಣು ಎಳೆಯುತ್ತಿತ್ತು. ಆದರೆ ದಡದಲ್ಲಿ ನರಿ ಕೂತಿತ್ತು, ಕಾವಲಿಗೆ ಯಾರೂ ಇರಲಿಲ್ಲ. ಆರು ದಿನ ನಿದ್ದೆಗೆಟ್ಟು ನೀರಿನಲ್ಲೇ ನಿಂತಿತು.

ಎಂಟನೆಯ ದಿನ ಹಿಂಡು ಬಂದಿಳಿಯಿತು.

"ಯಾವಾಗ ತಲುಪಿದೆಯೋ?" ಎಂದು ಅಜ್ಜಿ ಕೇಳಿತು.

"ಈಗ, ಅಜ್ಜಿ," ಎಂದು ಎಳೆಯ ಹೆಬ್ಬಾತು ಅಜ್ಜಿಯ ಮಗ್ಗುಲಲ್ಲಿ ಕಣ್ಣು ಮುಚ್ಚಿತು.