ಲೊಚ್ ಎನ್ನದ ಹಲ್ಲಿ

ಭಗವಂತ ಹಲ್ಲಿಗೆ ಕೊಟ್ಟದ್ದು ಒಂದೇ ಮಾತು, ಲೊಚ್. ಆದರೂ ಅದು ನುಡಿದರೆ ಜನ ನೆಲ ತಟ್ಟಿ "ಕೃಷ್ಣ ಕೃಷ್ಣ, ಸತ್ಯ" ಅನ್ನುತ್ತಾರೆ. ಅಂಥದೊಂದು ಹಲ್ಲಿ ಮೊಬೈಲಿಗೆ ಸುದ್ದಿ ಕಳಿಸುವ ಕಚೇರಿಯ ಗೋಡೆಯ ಮೇಲಿತ್ತು. ಅದು ಲೊಚ್ ಎಂದ ಮೇಲೆಯೇ ಸುದ್ದಿ ಹೊರಡಬೇಕು ಎಂಬುದು ಅಲ್ಲಿನ ನೇಮ.

ಒಂದು ಬೆಳಿಗ್ಗೆ ಕಾಗೆ ಕಿಟಕಿಗೆ ಬಂದು ಕೂಗಿತು. "ಮಠದ ಆನೆ ಭಾಗೀರಥಿ ಹೋಗಿಬಿಟ್ಟಳು! ಹೊಳೆದಂಡೆಯಲ್ಲಿ ಕಣ್ಣು ಮುಚ್ಚಿ ಬಿದ್ದಿದ್ದಾಳೆ."

ಮೇಜಿನ ಮೇಲಿನ ಮೊಬೈಲು ಗಡಗಡ ನಡುಗಿತು. "ಹಲ್ಲಿಯಕ್ಕಾ, ಬೇಗ ಲೊಚ್ ಅನ್ನು! ಉಳಿದ ಕಚೇರಿಯವರೆಲ್ಲ ಆಗಲೇ ಸುದ್ದಿ ಹಾಕಿಯಾಯಿತು."

"ಬಿದ್ದದ್ದನ್ನು ಕಾಗೆ ಕಂಡಿದೆ. ಸತ್ತದ್ದನ್ನು ಕಂಡವರು ಯಾರು? ಮಾವುತನನ್ನು ಕೇಳಿದೆಯಾ?"

"ಇರುವುದು ಒಂದು ಲೊಚ್ಚು. ಅದಕ್ಕೂ ಇಷ್ಟು ಬಿಗುಮಾನವೇ?"

"ಹೌದಪ್ಪಾ, ಬಿಗುಮಾನವೇ. ನಮ್ಮ ಮುತ್ತಜ್ಜಿಯರು ಕಾಪಾಡಿದ ಮಾತು ಅದು. ನೀನು ದಿನವಿಡೀ ಟಿಣ್ ಟಿಣ್ ಅನ್ನುತ್ತೀಯಲ್ಲ, ಯಾರಾದರೂ ನೆಲ ತಟ್ಟಿದ್ದಾರೆಯೇ? ಫೋನು ಮಾಡು."

ಮೊಬೈಲು ಗೊಣಗುತ್ತಲೇ ಮಾವುತ ಚೌಡಪ್ಪನಿಗೆ ಕರೆ ಮಾಡಿತು.

"ಸಾಯೋದಾ? ಬೆನ್ನು ಉಜ್ಜಿಸಿಕೊಂಡು ಸುಖವಾಗಿ ಮಲಗಿದ್ದಾಳೆ, ಸ್ವಾಮಿ!" ಎಂದ ಚೌಡಪ್ಪ. "ಯಾರೋ ಹಾಕಿದ ಸುದ್ದಿ ಕೇಳಿ ಊರಲ್ಲಿ ನಮ್ಮವ್ವ ಅಳ್ತಾ ಕೂತವಳೆ. ನಾನು ಹೇಳಿದ್ರೆ, ಸಮಾಧಾನಕ್ಕೆ ಸುಳ್ಳು ಹೇಳ್ತೀಯ ಅಂತಾಳೆ." ಅವನ ಹಿಂದೆಯೇ ಆನೆ ಘೀಳಿಟ್ಟಿತು.

ಕಾಗೆ ತಲೆ ತಗ್ಗಿಸಿತು. ಹಲ್ಲಿ ಕತ್ತೆತ್ತಿ, ಗೋಡೆ ಕೇಳುವಂತೆ ಲೊಚ್ ಎಂದಿತು. "ಭಾಗೀರಥಿ ಕ್ಷೇಮ" ಎಂಬ ಸುದ್ದಿ ಹೊರಟಿತು.

ಎಲ್ಲರಿಗಿಂತ ಕೊನೆಗೆ ಬಂದ ಆ ಸುದ್ದಿಯನ್ನು ಚೌಡಪ್ಪನ ತಾಯಿ ಓದಿಸಿಕೊಂಡಳು. ಯಾರು ಕಳಿಸಿದ್ದು ಎಂದು ಕೇಳಿ, ಹಲ್ಲಿ ಲೊಚ್ ಎಂದ ಮೇಲೆಯೇ ಕಳಿಸುವ ಕಚೇರಿಯದು ಎಂದು ತಿಳಿದಳು. ಕಣ್ಣೊರೆಸಿಕೊಂಡು, ಬಾಗಿ, ನೆಲ ತಟ್ಟಿದಳು. "ಕೃಷ್ಣ ಕೃಷ್ಣ."