ಹುಚ್ಚೀರಪ್ಪ ಹೊತ್ತ ಕರಿಹಲಗೆ

ನಾಲ್ಕಾಳು ಅಲುಗಿಸಲಾಗದ ಶಾಲೆಯ ಕರಿಹಲಗೆಯನ್ನು ಹುಚ್ಚೀರಪ್ಪಜ್ಜ ಒಬ್ಬನೇ ಹೊತ್ತಿದ್ದನಂತೆ. ಕಂಡವರು ಯಾರೂ ಈಗ ಊರಲ್ಲಿಲ್ಲ. ಆಗ ಅವನು ಶಾಲೆಯ ಜವಾನ. ಈಗ ಚಹಾದಂಗಡಿಯಲ್ಲಿ ಕೂತರೆ ಅಜ್ಜನದು ಇದೇ ಕಥೆ.

ಹೆಡ್‌ಮಾಸ್ತರರು ಜಾಣರನ್ನು ಮುಂದೆ, ದಡ್ಡರನ್ನು ಹಿಂದೆ ಕೂರಿಸಿದ್ದರು. ಹಿಂದಿನವರನ್ನು ಏನೂ ಕೇಳುತ್ತಿರಲಿಲ್ಲ. ಕೇಳದ್ದಕ್ಕೆ ಅವರು ಹೇಳುತ್ತಿರಲಿಲ್ಲ, ಹೇಳದ್ದಕ್ಕೆ ದಡ್ಡರಾಗಿಯೇ ಉಳಿದಿದ್ದರು.

"ನಾಳೆ ಇನ್ಸ್‌ಪೆಕ್ಟರ್ ಸಾಹೇಬರು ಬರ್ತಾರ. ಅವರು ಹೂಂ ಅಂದ್ರ ಹಿಂದಿನವರ ಹೆಸರು ಸಾಲಿಯಿಂದ ತಗದ ಹಾಕ್ತೀನಿ," ಎಂದರು ಮಾಸ್ತರರು. ಹಿಂದಿನ ಬೆಂಚಿನಲ್ಲಿ ಅಗಸರ ಹುಡುಗಿ ಕೆಂಚವ್ವ ಅಳತೊಡಗಿದಳು.

ಮರುದಿನ ಮಾಸ್ತರರು ಹಾರ ಹಿಡಿದು ಗೇಟಿನಲ್ಲಿ ನಿಂತಿದ್ದಾಗ ಹುಚ್ಚೀರಪ್ಪ ಹಲಗೆಯನ್ನು ಹೊತ್ತೊಯ್ದು ಹಿಂದಿನ ಗೋಡೆಗೆ ಒರಗಿಸಿದ. ಮಕ್ಕಳನ್ನೂ ಅತ್ತಲೇ ತಿರುಗಿಸಿ ಕೂರಿಸಿದ. ಹಿಂದಿನವರೆಲ್ಲ ಮುಂದಿನವರಾದರು.

ಮುಂದೆ ಕೂತವರೇ ಜಾಣರೆಂದು ಸಾಹೇಬರೂ ನಂಬಿದವರೇ. ಕೆಂಚವ್ವನಿಗೆ ಲೆಕ್ಕ ಕೇಳಿದರು. ಅವಳು ತಡವರಿಸಿದಳು.

"ಅವಸರಿಲ್ಲವ್ವಾ, ನಿನಗ ಬರ್ತದ," ಎಂದು ಕಾದರು. ಅವಳಿಗಾಗಿ ಯಾರೂ ಹಾಗೆ ಕಾದಿರಲಿಲ್ಲ. ಉತ್ತರ ಬಂತು. ಈಗ ಹಿಂದಿನವನಾಗಿದ್ದ ಗೌಡರ ಮಗ ತಡವರಿಸಿದಾಗ ಮಾತ್ರ, "ದಡ್ಡ, ಕೂಡು!" ಎಂದು ಗದರಿದರು.

ಮಾಸ್ತರರು ಬಾಯಿ ತೆರೆಯುವಷ್ಟರಲ್ಲಿ ಸಾಹೇಬರು ಬೆನ್ನು ತಟ್ಟಿದರು. "ಮುಂದಿನ ಬೆಂಚು ಚಲೋ ತಯಾರು ಮಾಡೀರಿ!" ತೆರೆದ ಬಾಯಿ ತಾನೇ ಮುಚ್ಚಿತು. ಯಾರ ಹೆಸರೂ ಹೋಗಲಿಲ್ಲ.

ಕಥೆ ಮುಗಿದಾಗ ಚಹಾದಂಗಡಿಯ ಮಾಬುಸಾಬ ಕಪ್ಪು-ಬಸಿ ಒರೆಸುತ್ತ ಕೇಳಿದ: "ಅಜ್ಜಾ, ನಾನೂ ಅದೇ ಸಾಲ್ಯಾಗ ಕಲಿತಾಂವ. ಅಲ್ಲಿ ಹಲಗಿ ಎಲ್ಲೈತಿ? ಗ್ವಾಡಿಗೇ ಕರಿ ಬಣ್ಣ ಬಳದಾರ."

ಹುಚ್ಚೀರಪ್ಪ ಹೆಗಲು ಹಾರಿಸಿದ.

"ಹಂಗಾದ್ರ ಗ್ವಾಡೀನ ಹೊತ್ತಿರಬೇಕು ಬಿಡು."