ಹತ್ತು ಮಾರು ದೂರದ ಬಾವಿ

“ಸರ್, ತಿನ್ನಲು ಇಲಿ ಇತ್ತು, ಕುಡಿಯಲು ಹಳ್ಳದ ನೀರಿತ್ತು, ಅಡಗಲು ಹುತ್ತವಿತ್ತು. ಯಾರೂ ಹೊಡೆಯಲೂ ಇಲ್ಲ. ಮತ್ತೆ ಹಾವು ಯಾಕೆ ಸತ್ತುಹೋಯಿತು?”

ಹೀಗೆ ಕೇಳಿದವಳು ಮುಬೀನಾ. ವಿಶ್ವವಿದ್ಯಾಲಯದಲ್ಲಿ ಹಾವು ಕಪ್ಪೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಹಾಸ್ಟೆಲಿನ ಬಳಿ ಸಿಕ್ಕ ನಾಗರಹಾವೊಂದರ ಮೈಯೊಳಗೆ ಸಣ್ಣ ರೇಡಿಯೊ ಇರಿಸಿ, ಮೂವತ್ತು ಮೈಲಿ ದೂರದ ಕಾಡಿನಲ್ಲಿ ಬಿಟ್ಟುಬಂದಿದ್ದಳು. ಅದು ಒಂದು ದಿನವೂ ಒಂದು ಕಡೆ ನಿಲ್ಲದೆ ಅಲೆದು, ಇಪ್ಪತ್ತನೆಯ ದಿನ ಸತ್ತಿತ್ತು. ಅವಳ ಕಣ್ಣು ಅತ್ತು ಕೆಂಪಾಗಿದ್ದವು.

ಅವಳ ಕಾಲ ಬಳಿ ಒಂದು ಬಟ್ಟೆಯ ಚೀಲವಿತ್ತು. ಅದರೊಳಗೆ ಅಂದು ಬೆಳಿಗ್ಗೆ ಯಾರೋ ಹಿಡಿದು ತಂದುಕೊಟ್ಟ ಇನ್ನೊಂದು ನಾಗರ. ಆದಷ್ಟು ದೂರ ಸಾಗಿಸಿ ಎಂದು ಹಾಸ್ಟೆಲಿನ ವಾರ್ಡನ್ ಹೇಳಿ ಕಳಿಸಿದ್ದರು. ಹೊರಗೆ ಜೀಪು ಕಾಯುತ್ತಿತ್ತು.

ಅವಳ ಸಂಶೋಧನೆಗೆ ಮಾರ್ಗದರ್ಶಕರಾಗಿದ್ದ ಮೇಷ್ಟ್ರು ಪುಟ್ಟಮಾದಯ್ಯನವರು ಕನ್ನಡಕ ತೆಗೆದಿಟ್ಟರು. “ಜೀಪು ಕಾಯಲಿ, ಕೂತ್ಕೋ” ಎಂದು ಕತೆ ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ಕುರುಡನಿದ್ದ. ದಾರಿ ತಿರುಗುವಲ್ಲಿ ಅವನ ಗುಡಿಸಲು. ಹಗ್ಗ ಹೊಸೆದು ಬದುಕುತ್ತಿದ್ದ. ಕಾಲಿಗೆ ಹುಣಸೆಯ ಬೇರು ತಗುಲಿದರೆ ಬಲಕ್ಕೆ ಹೊರಳುವನು, ಗಾಣದ ಸದ್ದು ಬೆನ್ನಿಗೆ ಬಿದ್ದರೆ ಏಳು ಹೆಜ್ಜೆ ಇಡುವನು, ಬಾವಿಯ ಕಟ್ಟೆ ಕೈಗೆ ಸಿಗುವುದು. ನಲವತ್ತು ವರ್ಷ ಅವನ ಕೊಡ ಒಂದು ದಿನವೂ ಒಡೆದಿರಲಿಲ್ಲ.

ಅದೇ ದಾರಿಯಲ್ಲಿ ಒಬ್ಬ ವ್ಯಾಪಾರಿ ದಿನಾ ಗಾಡಿ ಹೊಡೆಯುತ್ತಿದ್ದ. ಕುರುಡ ಅಡ್ಡ ಬಂದಾಗಲೆಲ್ಲ ಎತ್ತು ಬೆದರುತ್ತಿದ್ದವು. ವ್ಯಾಪಾರಿ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಕತೆ ಸುಲಭವಾಗುತ್ತಿತ್ತು. ‘ಪಾಪ, ಒಂದು ದಿನ ಗಾಲಿಗೆ ಸಿಕ್ಕಿ ಸಾಯುತ್ತಾನೆ’ ಎಂದು ಮರುಗಿದ. ಊರಾಚೆ, ಹರದಾರಿಗಟ್ಟಲೆ ದೂರದಲ್ಲಿ, ಅವನದೊಂದು ತೋಟವಿತ್ತು. ಹೆಂಚಿನ ಮನೆ, ತುಂಬಿದ ಬಾವಿ, ಗಾಡಿಯ ಕಾಟವಿಲ್ಲ. ಕುರುಡನನ್ನು ಅಲ್ಲಿಗೆ ಸಾಗಿಸಲು ಹೊರಟ. ಊರಿನವರು ಬೇಡವೆಂದರು. ‘ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು’ ಎಂದು ಗೊಣಗಿ ಎತ್ತು ಹೂಡಿದ. ಕುರುಡನನ್ನು ಮಾತ್ರ ಏನೂ ಕೇಳಲಿಲ್ಲ.

ತೋಟದ ಮನೆಯಲ್ಲಿ ಇಳಿಸಿ, ‘ಅಕ್ಕಿ ಇಗೋ ಇಲ್ಲಿ, ಬಾವಿ ಅಗೋ ಅಲ್ಲಿ’ ಎಂದು ಕೈ ಚಾಚಿ ತೋರಿಸಿದ. ನೋಡು, ಕುರುಡನಿಗೆ ಕೈ ಚಾಚಿ ತೋರಿಸಿದ! ಊರಿನಲ್ಲಿ ಕುರುಡ ಒಬ್ಬನೇ ಬೇಯಿಸಿಕೊಂಡು ಉಂಡದ್ದನ್ನು ಕಣ್ಣಾರೆ ಕಂಡಿದ್ದ. ಅಲ್ಲಿ ಬದುಕಿದವನಿಗೆ ಇಲ್ಲಿ ಏನು ಕಷ್ಟ ಎಂದುಕೊಂಡು ಹಿಂದಿರುಗಿದ. ಮರುದಿನದಿಂದ ಗಾಡಿ ಆ ತಿರುವಿನಲ್ಲಿ ಎಲ್ಲೂ ನಿಲ್ಲದೆ ಓಡಿತು. ಎಂಟು ದಿನ ವ್ಯಾಪಾರಿಗೆ ಸುಖವಾಗಿ ನಿದ್ದೆ ಬಂತು.

ಒಂಬತ್ತನೆಯ ದಿನ ಬೆಲ್ಲ ಬೇಳೆ ಹೇರಿಕೊಂಡು ತೋಟಕ್ಕೆ ಹೋದ. ಅಕ್ಕಿಯ ಮೂಟೆ ಬಿಚ್ಚಿರಲಿಲ್ಲ. ಕುರುಡ ಬೇಲಿಯ ಬುಡದಲ್ಲಿ ಸತ್ತು ಬಿದ್ದಿದ್ದ. ತುಟಿ ಒಣಗಿ ಸೀಳಿದ್ದವು. ಮನೆಯ ಸುತ್ತಲೂ ಅವನದೇ ಹೆಜ್ಜೆ, ಹೆಜ್ಜೆಯ ಮೇಲೆ ಹೆಜ್ಜೆ. ಹುಣಸೆಯ ಬೇರನ್ನು ಹುಡುಕಿದ್ದನೋ ಏನೋ.

ವ್ಯಾಪಾರಿ ತಲೆಯ ಮೇಲೆ ಕೈ ಹೊತ್ತು ಕೂತ. ಕುರಿ ಹೊಡೆದುಕೊಂಡು ಬಂದ ಒಬ್ಬ ಹೆಂಗಸು ಬೇಲಿಯಾಚೆ ನಿಂತಳು.

‘ಬಾವಿ ಹತ್ತು ಮಾರು ದೂರದಲ್ಲೇ ಇತ್ತಲ್ಲ ತಾಯಿ!’ ಎಂದು ಅವನು ಅತ್ತ.

‘ಬಾವಿ ಇತ್ತು ಯಜಮಾನ್ರೆ’ ಎಂದಳು ಅವಳು. ‘ಅವ್ನ ಕಾಲಿಗೆ ಗೊತ್ತಿರ್ಲಿಲ್ಲ.’

ಮೇಷ್ಟ್ರು ಕತೆ ನಿಲ್ಲಿಸಿದರು. ಜೀಪಿನವನು ಒಮ್ಮೆ ಹಾರ್ನ್ ಮಾಡಿದ. ಇಬ್ಬರೂ ಏಳಲಿಲ್ಲ.

“ವ್ಯಾಪಾರಿ ಒಳ್ಳೆಯದನ್ನೇ ಬಯಸಿದ್ದ, ಸರ್” ಎಂದಳು ಮುಬೀನಾ.

“ಬಯಸಿದ್ದ. ನೀನೂ ಬಯಸಿದ್ದೆ. ನಿನ್ನ ವಯಸ್ಸಿನಲ್ಲಿ ನಾನೂ ನಲವತ್ತು ಹಾವುಗಳನ್ನು ಒಯ್ದು ಆ ಕಾಡಿಗೇ ಬಿಟ್ಟಿದ್ದೇನೆ. ಆಗ ರೇಡಿಯೊ ಇರಲಿಲ್ಲ, ಅದಕ್ಕೇ ನನಗೂ ನಿದ್ದೆ ಬರುತ್ತಿತ್ತು. ಈಗ ಬರುವುದಿಲ್ಲ.”

ಅವರು ಬಗ್ಗಿ ಚೀಲದ ಕೊರಳಿಗೆ ಕಟ್ಟಿದ್ದ ಚೀಟಿಯನ್ನು ಬೆಳಕಿಗೆ ಹಿಡಿದರು. ಹಾವಿನ ಉದ್ದ ಬರೆದಿತ್ತು, ತೂಕ ಬರೆದಿತ್ತು, ಹೆಣ್ಣು ಎಂದು ಬರೆದಿತ್ತು, ಬಿಡಬೇಕಾದ ಕಾಡಿನ ಹೆಸರು ದುಂಡಗಿನ ಅಕ್ಷರದಲ್ಲಿತ್ತು. ಚೀಟಿಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು; ಅಲ್ಲಿ ಏನೂ ಬರೆದಿರಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದರು:

“ಎಲ್ಲಿ ಬಿಡಬೇಕು ಅಂತ ಬರೆದಿದ್ದೀಯಮ್ಮ, ಎಲ್ಲಿ ಹಿಡಿದರು ಅಂತ ಕೇಳಲೇ ಇಲ್ಲವಾ?”